ಹದಿನೇಳನೇ ‘ಇಲ್ಲಿ ಒತ್ತಿ’

ನಗರಸಭೆಯ ಪತ್ರವ್ಯವಹಾರ ವಿಭಾಗದ ಹಿರಿಯ ಗುಮಾಸ್ತರನ್ನು ಕಚೇರಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಶುದ್ಧಪ್ರತಿ’ ಎನ್ನುತ್ತಿದ್ದರು. ಕರಡು ಬರೆಯದೆ, ಅದನ್ನು ತಿದ್ದದೆ, ತಿದ್ದಿದ್ದನ್ನು ಶುದ್ಧಪ್ರತಿ ಮಾಡದೆ ಅವರು ಏನನ್ನೂ ಮಾಡಿದವರಲ್ಲ. ಮದುವೆಗೆ ಒಪ್ಪಿಗೆ ಸೂಚಿಸಿ ಅವರು ಬರೆದ ಪತ್ರಕ್ಕೂ ಮೂರು ಕರಡು ಇದ್ದವು. ಎರಡನೆಯದರಲ್ಲಿ ‘ಷರತ್ತುಗಳಿಗೆ ಒಳಪಟ್ಟು’ ಎಂಬ ಮಾತಿತ್ತೆಂದು ಅವರ ಹೆಂಡತಿ ಇಂದಿಗೂ ನೆನಪಿಸುತ್ತಾರೆ.

ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಶುದ್ಧಪ್ರತಿಯವರು ಹೆದರಿದ್ದು ಒಂದೇ ವಸ್ತುವಿಗೆ. ಅದು ಅಧೀಕ್ಷಕರ ನೀಲಿ ಪೆನ್ಸಿಲ್. ಅಧೀಕ್ಷಕರು ತಪ್ಪನ್ನು ಬಾಯಿಬಿಟ್ಟು ಹೇಳುವವರಲ್ಲ. ತಪ್ಪಿದ್ದ ಪದದ ಕೆಳಗೆ ನೀಲಿಯಲ್ಲಿ ಒಂದು ಗೆರೆ ಎಳೆದು ಕಡತವನ್ನು ಹಿಂದಕ್ಕೆ ಕಳಿಸುತ್ತಿದ್ದರು. ತಪ್ಪೇನು ಎಂಬುದನ್ನು ಗುಮಾಸ್ತರೇ ಹುಡುಕಿಕೊಳ್ಳಬೇಕು. ಒಂದೇ ಒಂದು ನೀಲಿ ಗೆರೆ ಉಳಿದ ಕಾಗದವೂ ಆ ಕಟ್ಟಡದ ಹೊಸಿಲು ದಾಟಿದ ಉದಾಹರಣೆಯಿಲ್ಲ.

ಇಂಥವರ ಕೈಗೆ ನಗರಸಭೆಯ ವೆಬ್‌ಸೈಟ್ ಬಂತು. ಅದನ್ನು ನೋಡಿಕೊಳ್ಳುತ್ತಿದ್ದ ಕಂಪ್ಯೂಟರ್ ಆಪರೇಟರ್ ಹುಡುಗಿಗೆ ಜನನ ನೋಂದಣಿ ವಿಭಾಗಕ್ಕೆ ವರ್ಗವಾಗಿತ್ತು. ಹೋಗುವ ಮುನ್ನ ಅವಳು ಒಂದೂವರೆ ಗಂಟೆ ಕೂತು, ಅಕ್ಷರ ಸೇರಿಸುವುದು ಹೇಗೆ, ತೆಗೆಯುವುದು ಹೇಗೆ, ಬಣ್ಣ ಬದಲಿಸುವುದು ಹೇಗೆ, ಲಿಂಕ್ ಜೋಡಿಸುವುದು ಹೇಗೆ ಎಂದು ತೋರಿಸಿಕೊಟ್ಟಳು. ಶುದ್ಧಪ್ರತಿಯವರು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಕರಡು ಬರೆದುಕೊಂಡರು. ಅವಳು ಹೋದ ಮೇಲೆ ಮುಖಪುಟವನ್ನು ಮೊದಲ ಸಲ ಒಬ್ಬರೇ ತೆರೆದರು.

ಪುಟದ ತುಂಬ ನೀಲಿ ಗೆರೆ! ಎಣಿಸಿದರು. ನಲವತ್ತೊಂದು. ನಗರಸಭೆಯ ನಲವತ್ತೊಂದು ಸೇವೆಗಳಿಗೆ ನಲವತ್ತೊಂದು ಪ್ಯಾರಾ, ಪ್ರತಿ ಪ್ಯಾರಾದ ತಲೆಯ ಮೇಲೂ ಒಂದು ನೀಲಿ ಗೆರೆ. ಯಾರೋ ತಿದ್ದಲು ಗುರುತು ಹಾಕಿದ ಕಾಗದವನ್ನು ಆ ಹುಡುಗಿ ಹಾಗೆಯೇ ಲೋಕಕ್ಕೆಲ್ಲ ಕಾಣುವಂತೆ ತೂಗುಹಾಕಿ ಹೋಗಿದ್ದಳು. ಅವರು ಒಂದೊಂದು ಪದವನ್ನೂ ಕಾಗುಣಿತ ಹಿಡಿದು ಪರೀಕ್ಷಿಸಿದರು. ಒಂದರಲ್ಲೂ ತಪ್ಪು ಸಿಗಲಿಲ್ಲ. ಹಾಗಾದರೆ ತಪ್ಪು ತಮ್ಮ ಕಣ್ಣಿಗೂ ಬೀಳದಷ್ಟು ಸೂಕ್ಷ್ಮವಾಗಿರಬೇಕು ಎಂಬ ತೀರ್ಮಾನಕ್ಕೆ ಬಂದರು. ಮೂರು ದಿನ, ಊಟದ ವೇಳೆಯನ್ನೂ ಬಿಟ್ಟು, ನಲವತ್ತೊಂದು ಗೆರೆಗಳನ್ನೂ ಅಳಿಸಿ, ನೀಲಿ ಅಕ್ಷರಗಳನ್ನೆಲ್ಲ ಕಪ್ಪು ಮಾಡಿದರು.

ಅಧೀಕ್ಷಕರು ಬಂದು ಕನ್ನಡಕ ಏರಿಸಿ ನೋಡಿ, “ಈಗ ನೋಡ್ರೀ, ಸರ್ಕಾರಿ ಕಾಗದ ಅಂದ್ರೆ ಹೀಗಿರಬೇಕು” ಎಂದರು. ಇಪ್ಪತ್ತಾರು ವರ್ಷಗಳಲ್ಲಿ ಅವರ ಬಾಯಿಂದ ಬಂದ ಮೊದಲ ಹೊಗಳಿಕೆ ಅದು.

ಮರುದಿನದಿಂದ ಫೋನು ಹೊಡೆದುಕೊಳ್ಳತೊಡಗಿತು.

“ಸಾರ್, ನೀರಿನ ಬಿಲ್ಲಿಗೆ ಎಲ್ಲಿ ಒತ್ತಬೇಕು?”

“‘ನೀರಿನ ಬಿಲ್ಲು’ ಅಂತ ಬರೆದಿದೆಯಲ್ಲ, ಅದರ ಮೇಲೇ ಒತ್ತಿ.”

“ಅದು ಒತ್ತೋ ಜಾಗ ಅಂತ ಹೇಗೆ ಗೊತ್ತಾಗ್ಬೇಕು? ಎಲ್ಲಾ ಒಂದೇ ಥರ ಕಪ್ಪಗಿದೆ!”

ಬೇಕರಿಯವನೊಬ್ಬ ಹಟಕ್ಕೆ ಬಿದ್ದು ಪುಟದ ಎಡಮೂಲೆಯಿಂದ ಶುರುಮಾಡಿ ಒಂದೊಂದೇ ಪದವನ್ನು ಒತ್ತುತ್ತ ಬಂದನಂತೆ. ಇನ್ನೂರ ಹನ್ನೆರಡನೆಯ ಪದಕ್ಕೆ ಏನೋ ತೆರೆದುಕೊಂಡಿತು. ಅದು ಚರಂಡಿ ದುರಸ್ತಿ. ಅಷ್ಟು ಶ್ರಮಪಟ್ಟ ಮೇಲೆ ಬರಿಗೈಲಿ ಹೋಗುವುದು ಬೇಡವೆಂದು ಚರಂಡಿಯ ಮೇಲೇ ಒಂದು ದೂರು ಬರೆದು ಹಾಕಿದ.

“ಎಲ್ಲಿ ಒತ್ತಬೇಕು ಅಂತ ಜನಕ್ಕೆ ಗೊತ್ತಾಗ್ತಿಲ್ಲ ಅಂದ್ರೆ, ಹೇಳಿದ್ರಾಯ್ತು” ಎಂದುಕೊಂಡರು ಶುದ್ಧಪ್ರತಿಯವರು. ಕರಡು ಬರೆದು ನೋಡಿದರು. ‘ದಯವಿಟ್ಟು ಇಲ್ಲಿ ಒತ್ತಬೇಕಾಗಿ ವಿನಂತಿ’ ಎಂಬುದು ಉದ್ದವಾಯಿತು. ‘ಒತ್ತಿ’ ಎಂಬುದು ಒರಟಾಯಿತು. ‘ಇಲ್ಲಿ ಒತ್ತಿ’ ಸರಿಹೋಯಿತು. ಅದನ್ನು ಪ್ಯಾರಾದ ಒಳಗೆ ತುರುಕಿದರೆ ಅಂದ ಕೆಡುತ್ತದೆಂದು, ಬಂದ ಪತ್ರಗಳ ಆವಕ ರಿಜಿಸ್ಟರಿನಲ್ಲಿ ಟಿಪ್ಪಣಿಗೆಂದು ಷರಾ ಕಾಲಂ ಇರುವಂತೆ, ಪುಟದ ಬಲಗಡೆ ಒಂದು ಕಾಲಂ ಮಾಡಿ, ಪ್ಯಾರಾಗಳಿಂದ ಲಿಂಕುಗಳನ್ನು ಕಿತ್ತು, ಒಂದರ ಕೆಳಗೊಂದು ‘ಇಲ್ಲಿ ಒತ್ತಿ’ ಜೋಡಿಸಿದರು. ಮೇಲ್ತುದಿಯಲ್ಲಿ ಆಯುಕ್ತರ ಸಂದೇಶಕ್ಕೂ ಒಂದು ‘ಇಲ್ಲಿ ಒತ್ತಿ’ ಇರಲೆಂದು, ಗೌರವಕ್ಕಾಗಿ ಸೇರಿಸಿದರು. ಒಟ್ಟು ನಲವತ್ತೆರಡು. ಸೇನೆಯ ಸಾಲಿನ ಹಾಗೆ ನಿಂತವು.

ಆ ಗೌರವದ ಒಂದು ಸೇರ್ಪಡೆಯಿಂದ ಕೆಳಗಿನ ನಲವತ್ತೊಂದೂ ಒಂದೊಂದು ಮೆಟ್ಟಿಲು ಕೆಳಕ್ಕೆ ಜಾರಿ ಪಕ್ಕದವರ ಮನೆ ಮುಂದೆ ನಿಂತಿದ್ದು ಅವರ ಗಮನಕ್ಕೆ ಬರಲಿಲ್ಲ.

ಅದೇ ವಾರ ಆಯುಕ್ತರು ಒಂದು ಪ್ರಕಟಣೆ ಹೊರಡಿಸಿದರು. ನಗರಸಭೆಯ ಹಿಂಭಾಗದ ಖಾಲಿ ಜಾಗದಲ್ಲಿ ಇಪ್ಪತ್ತನಾಲ್ಕು ಮಡಿ ಮಾಡಿ, ಸ್ವಂತ ಹಿತ್ತಿಲಿಲ್ಲದ ನಾಗರಿಕರಿಗೆ ತರಕಾರಿ ಬೆಳೆಯಲು ಕೊಡಲಾಗುವುದು. ಅರ್ಜಿ ವೆಬ್‌ಸೈಟ್‌ನಲ್ಲಿ ಮೊದಲೇ ಇದ್ದ ‘ಕೈತೋಟ’ ಪ್ಯಾರಾದ ಮೂಲಕ ಮಾತ್ರ. ಶುಕ್ರವಾರ ಸಂಜೆ ಐದರೊಳಗೆ ಕನಿಷ್ಠ ಹನ್ನೆರಡು ಅರ್ಜಿ ಬರದಿದ್ದರೆ ಜನರಿಗೆ ಆಸಕ್ತಿಯಿಲ್ಲವೆಂದು ತಿಳಿದು, ಆ ಜಾಗವನ್ನು ಸಿಬ್ಬಂದಿಯ ವಾಹನ ನಿಲುಗಡೆಗೆ ಬಿಡಲಾಗುವುದು. ಅಧೀಕ್ಷಕರು ಅಂದೇ ಹೋಗಿ ಮರದ ನೆರಳಿರುವ ಒಂದು ಮೂಲೆಯನ್ನು ತಮ್ಮ ಕಾರಿಗೆಂದು ಹೆಜ್ಜೆಯಲ್ಲಿ ಅಳೆದುಬಂದರು.

ಶುದ್ಧಪ್ರತಿಯವರ ಮನೆಯಲ್ಲಿ ಆ ಪ್ರಕಟಣೆಗಾಗಿ ಕಾದು ಕೂತಿದ್ದವರು ಅವರ ಅತ್ತೆ. ಅತ್ತೆಗೆ ಹುಟ್ಟಿನಿಂದ ಕಣ್ಣಿಲ್ಲ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರಿನ ಅರ್ಧ ಜನರನ್ನು ಇಂದಿಗೂ ಕೆಮ್ಮಿನಲ್ಲೇ ಗುರುತು ಹಿಡಿಯುತ್ತಾರೆ. ಮೂರನೇ ಮಹಡಿಯ ಮನೆಗೆ ಬಂದ ಮೇಲೆ ಬಾಲ್ಕನಿಯ ಎರಡು ಕುಂಡಗಳೇ ಅವರ ಭೂಮಿಯಾಗಿದ್ದವು. “ಒಂದು ಮಡಿ ಸಿಕ್ಕಿದ್ರೆ ಸಾಕು ಕಣೇ. ಮಣ್ಣಿಗೆ ಕೈ ಇಟ್ಟು ಎಷ್ಟು ವರ್ಷ ಆಯ್ತು” ಎಂದು ಮಗಳ ಮುಂದೆ ದಿನಕ್ಕೊಮ್ಮೆ ಹೇಳುತ್ತಿದ್ದರು.

“ಅರ್ಜಿ ನಾನು ಹಾಕಿಕೊಡ್ತೀನಿ ಬಿಡಿ ಅತ್ತೆ” ಎಂದರು ಅಳಿಯ.

“ಯಾಕೆ? ನನ್ನ ಕಂಪ್ಯೂಟರಿಗೆ ಬಾಯಿಲ್ವಾ?” ಎಂದರು ಅತ್ತೆ. ಪರದೆಯ ಮೇಲಿದ್ದುದನ್ನೆಲ್ಲ ಓದಿ ಹೇಳುವ ಕಂಪ್ಯೂಟರ್ ಅವರದು. ಅದರಲ್ಲೇ ಅವರು ಪತ್ರಿಕೆ ಓದುತ್ತಿದ್ದರು, ಬ್ಯಾಂಕಿಗೆ ಬೈದು ಪತ್ರ ಬರೆಯುತ್ತಿದ್ದರು. “ಎಲ್ಲಿ ಒತ್ತಬೇಕು ಹೇಳಿ ಸಾಕು.”

ಶುದ್ಧಪ್ರತಿಯವರು ಎದೆಯುಬ್ಬಿಸಿದರು. “ನನ್ನ ವೆಬ್‌ಸೈಟ್‌ನಲ್ಲಿ ತೊಟ್ಟಿಲ ಮಗುವೂ ಅರ್ಜಿ ಹಾಕಬಹುದು. ಕೈತೋಟ ಹದಿನೇಳನೇದು. ಹದಿನೇಳನೇ ‘ಇಲ್ಲಿ ಒತ್ತಿ’ ಒತ್ತಿಬಿಡಿ.”

ಸೋಮವಾರ ಅತ್ತೆ ಎಣಿಸಿ ಒತ್ತಿದರು. ‘ನಮೂನೆ ಏಳು’ ಎಂದು ಯಂತ್ರ ಓದಿತು. ನಮೂನೆ ಏಳನ್ನು ಹದಿನೈದು ವರ್ಷಗಳ ಹಿಂದೆ ರಚಿಸಿದ್ದವರು ಸ್ವತಃ ಶುದ್ಧಪ್ರತಿಯವರು. ಒಂದು ಪದವನ್ನು ಎರಡು ಸಲ ಬರೆಯುವುದು ಅವರ ಶೈಲಿಗೆ ಒಗ್ಗದ್ದರಿಂದ ನಮೂನೆಯ ತುಂಬ ‘ಸದರಿ’ ಎಂದೇ ಇತ್ತು; ಸದರಿ ಎಂದರೆ ಯಾವುದು ಎಂದು ಎಲ್ಲೂ ಇರಲಿಲ್ಲ. ಸದರಿಯ ಹೆಸರು? ಅತ್ತೆ ‘ಟೊಮ್ಯಾಟೊ’ ಎಂದು ತುಂಬಿದರು. ಸದರಿಯ ಬಣ್ಣ? ಕೆಂಪು. ಎತ್ತರ? ಚೆನ್ನಾಗಿ ನೋಡಿಕೊಂಡರೆ ಸೊಂಟದವರೆಗೆ. ಕಟ್ಟಿಹಾಕಲಾಗುವುದೇ? ಹೌದು, ಕೋಲಿಗೆ. ಉದ್ದೇಶ? ಮನೆಯವರು ತಿನ್ನಲು, ಉಳಿದರೆ ನೆರೆಯವರಿಗೆ.

ಅರ್ಜಿ ಹೋಯಿತು. ಅತ್ತೆ ಅಂದೇ ಬೀಜದ ಪೊಟ್ಟಣ ತರಿಸಿಟ್ಟುಕೊಂಡರು.

ಬುಧವಾರ ಸಂಜೆ ಶುದ್ಧಪ್ರತಿಯವರು ಮನೆಗೆ ಬರುತ್ತಿದ್ದಾಗ ಎದುರುಮನೆಯ ದರ್ಜಿ ಮೆಟ್ಟಿಲ ಬಳಿ ಅಡ್ಡಗಟ್ಟಿದ. ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಒಂದು ಕಾಗದ.

“ಸ್ವಾಮಿ, ಮಗಳ ಮದುವೆಗೆ ನಗರಸಭೆ ಸಭಾಂಗಣ ಬೇಕು ಅಂತ ನಿಮ್ಮ ವೆಬ್‌ಸೈಟಲ್ಲಿ ಅರ್ಜಿ ಹಾಕಿದ್ದೆ. ಉತ್ತರ ಬಂದಿದೆ.”

“ಬಂತಲ್ಲ! ಎರಡೇ ದಿನದಲ್ಲಿ!”

“ಓದ್ತೀನಿ ಕೇಳಿ. ‘ತಮ್ಮ ದುಃಖದಲ್ಲಿ ನಾವೂ ಭಾಗಿಗಳು. ತಾವು ಕೋರಿದಂತೆ ಇಬ್ಬರಿಗೂ ಅಕ್ಕಪಕ್ಕದಲ್ಲೇ ಜಾಗ ಕಾಯ್ದಿರಿಸಲಾಗಿದೆ. ಶಾಶ್ವತವಾಗಿ.’” ದರ್ಜಿ ಕಾಗದ ಮಡಚಿದ. “ಸ್ಮಶಾನ ಸ್ವಾಮಿ! ಬೀಗರಿಗೆ ಏನಂತ ಹೇಳ್ಲಿ?”

“ನೀವು ಎಲ್ಲಿ ಒತ್ತಿದ್ರಿ?”

“ಇನ್ನೆಲ್ಲಿ? ಸಭಾಂಗಣದ ಎದುರುಗಡೆ ಏನಿತ್ತೋ ಅದನ್ನ ಒತ್ತಿದೆ. ‘ಇಲ್ಲಿ ಒತ್ತಿ’ ಅಂತಿತ್ತು. ಇಲ್ಲೇ ಒತ್ತಿದೆ.”

“ಜನ ಗಮನವಿಟ್ಟು ಓದೋದಿಲ್ಲ” ಎಂದು ಗೊಣಗಿಕೊಂಡು ಶುದ್ಧಪ್ರತಿಯವರು ಮೆಟ್ಟಿಲು ಹತ್ತಿದರು. ಒಬ್ಬ ದರ್ಜಿಯ ಅಜಾಗರೂಕತೆಗೆ ಒಂದು ವ್ಯವಸ್ಥೆಯನ್ನೇ ದೂರಲಾಗದು ಎಂಬುದು ಅವರ ಅಭಿಪ್ರಾಯವಾಗಿತ್ತು.

ಆ ಅಭಿಪ್ರಾಯ ಗುರುವಾರ ಬೆಳಿಗ್ಗೆ ಎಂಟೂಕಾಲಿನವರೆಗೆ ಬಾಳಿತು. ಎಂಟೂಕಾಲಿಗೆ ಯಾರೋ ಬಾಗಿಲು ಬಡಿದರು. ಶುದ್ಧಪ್ರತಿಯವರು ಮುಖಕ್ಕೆ ಸೋಪು ಹಚ್ಚಿಕೊಂಡು ಬಚ್ಚಲಲ್ಲಿದ್ದರು. ಅವರ ಹೆಂಡತಿ ಬಾಗಿಲು ತೆರೆದರು. ದಪ್ಪ ಚರ್ಮದ ಕೈಗವಸು ತೊಟ್ಟು, ತುದಿಗೆ ಹಗ್ಗದ ಕುಣಿಕೆಯಿದ್ದ ಉದ್ದನೆಯ ಕೋಲು ಹಿಡಿದು ಒಬ್ಬರು ನಿಂತಿದ್ದರು. ನಗರಸಭೆಯ ನಾಯಿ ಇನ್‌ಸ್ಪೆಕ್ಟರು. ಮುಖ ಕೆಂಪೇರಿತ್ತು.

“ಟೊಮ್ಯಾಟೊ ಎಲ್ಲಿ?” ಎಂದರು.

ನಗರಸಭೆಯವರು ತರಕಾರಿಯನ್ನೂ ವಿಚಾರಿಸುವ ಕಾಲ ಬಂತೇ ಎಂದುಕೊಂಡು ಹೆಂಡತಿ, “ಫ್ರಿಜ್‌ನಲ್ಲಿದೆ” ಎಂದರು.

ಇನ್‌ಸ್ಪೆಕ್ಟರು ಗೋಡೆ ಹಿಡಿದುಕೊಂಡರು. “ಎಷ್ಟು ದಿನ ಆಯ್ತು?”

“ಮಂಗಳವಾರ ತಂದಿದ್ದು. ಅರ್ಧ ನಿನ್ನೆ ರಾತ್ರಿಗೆ ಆಯ್ತು. ಇನ್ನರ್ಧ ಇದೆ. ನಿಮಗೆ ಬೇಕಿತ್ತಾ?”

“ತಾಯೀ! ನೀವು ಮನುಷ್ಯರಾ?”

“ಯಾಕ್ರೀ, ಏನಾಯ್ತು? ಚೆನ್ನಾಗಿ ತೊಳೆದೇ ಕತ್ತರಿಸೋದು ನಾನು!”

“ಕೋಲಿಗೆ ಕಟ್ಟಿ, ಬೆಳೆಸಿ, ತಿಂದು, ಉಳಿದಿದ್ದನ್ನ ನೆರೆಯವರಿಗೂ ಹಂಚ್ತೀವಿ ಅಂತ ಅರ್ಜಿಯಲ್ಲೇ ಬರೆದುಕೊಟ್ಟಿದ್ದೀರಲ್ಲಮ್ಮ! ಸಹಿ ಸಮೇತ!” ಇನ್‌ಸ್ಪೆಕ್ಟರು ಅರ್ಜಿಯ ಪ್ರತಿಯನ್ನು ಮುಂದೆ ಹಿಡಿದರು. “ನಿಮ್ಮೊಬ್ಬರದಲ್ಲ. ಈ ವಾರ ಹನ್ನೊಂದು ನಾಯಿ ಲೈಸೆನ್ಸಿಗೆ ಅರ್ಜಿ ಬಂದಿದೆ. ಒಂದರ ಹೆಸರು ಮೂಲಂಗಿ. ಒಂದು ಸೌತೆಕಾಯಿ. ಹನ್ನೊಂದಕ್ಕೆ ಹನ್ನೊಂದೂ ಉದ್ದೇಶ ತಿನ್ನೋದು! ಏನಾಗಿದೆ ಈ ಊರಿಗೆ?”

ಅಷ್ಟರಲ್ಲಿ ಅರ್ಧ ಮುಖ ಸೋಪಿನಲ್ಲಿ ಶುದ್ಧಪ್ರತಿಯವರು ಬಂದರು, ಒಳಕೋಣೆಯಿಂದ ಅತ್ತೆಯೂ ಬಂದರು. ಹೆಂಡತಿ ಫ್ರಿಜ್ ತೆರೆದು ಅರ್ಧ ಟೊಮ್ಯಾಟೊ ತಂದು ಇನ್‌ಸ್ಪೆಕ್ಟರ ಕೈಗವಸಿನ ಮೇಲಿಟ್ಟರು. ಅವರು ಅದನ್ನು ನೋಡಿದರು. ಅರ್ಜಿಯನ್ನು ನೋಡಿದರು. ಕುರ್ಚಿ ಎಳೆದು ಕೂತು ನೀರು ಕೇಳಿದರು.

“ಅಳಿಯಂದ್ರೇ,” ಎಂದರು ಅತ್ತೆ, “ನಾನು ಕೇಳಿದ್ದು ಮಡಿ. ನೀವು ಕೊಟ್ಟಿದ್ದು ನಾಯಿ.”

“ಹದಿನೇಳನೇದೇ ಒತ್ತಿದ್ರಾ ಅತ್ತೆ?”

“ಮೂವತ್ತು ವರ್ಷ ಲೈನ್ ಎಣಿಸಿದವಳು ನಾನು. ಬನ್ನಿ ಇಲ್ಲಿ, ಕೂತ್ಕೊಳ್ಳಿ. ನಿಮ್ಮ ವೆಬ್‌ಸೈಟ್ ನನಗೆ ಹೇಗೆ ಕೇಳಿಸುತ್ತೆ ಕೇಳಿ.”

ಅತ್ತೆ ಒಂದು ಕೀಲಿ ಒತ್ತಿದರು. ಪುಟದಲ್ಲಿರುವ ಲಿಂಕುಗಳನ್ನಷ್ಟೇ ಆರಿಸಿ ಯಂತ್ರ ಓದತೊಡಗಿತು. “ಲಿಂಕ್, ಇಲ್ಲಿ ಒತ್ತಿ. ಲಿಂಕ್, ಇಲ್ಲಿ ಒತ್ತಿ. ಲಿಂಕ್, ಇಲ್ಲಿ ಒತ್ತಿ.” ಮೊದಲ ಆರೇಳು ಸಲ ಶುದ್ಧಪ್ರತಿಯವರಿಗೆ ಹಿತವೆನಿಸಿತು. ಎಂಥ ಏಕರೂಪತೆ! ಹದಿನೈದಕ್ಕೆ ಮುಖದ ಸೋಪು ಒಣಗಿತು. ಇಪ್ಪತ್ತೈದಕ್ಕೆ ಇನ್‌ಸ್ಪೆಕ್ಟರು ಕಿವಿ ಮುಚ್ಚಿಕೊಂಡರು. ನಲವತ್ತೆರಡೂ ಮುಗಿದ ಮೇಲೆ ಅತ್ತೆ ಶಾಂತವಾಗಿ ಕೇಳಿದರು:

“ಮನೆಗೆ ಬೆಂಕಿ ಬಿದ್ದಿದೆ ಅಂತಿಟ್ಕೊಳ್ಳಿ. ಇದರಲ್ಲಿ ಅಗ್ನಿಶಾಮಕದವರು ಯಾರು?”

ನಲವತ್ತೆರಡನ್ನೂ ತಮ್ಮ ಕೈಯಾರೆ ಜೋಡಿಸಿದ್ದ ಶುದ್ಧಪ್ರತಿಯವರಿಗೂ ಗೊತ್ತಾಗಲಿಲ್ಲ.

“ನಮ್ಮ ಎಕ್ಸ್‌ಚೇಂಜ್ ಬೋರ್ಡಿನಲ್ಲಿ ಪ್ರತಿ ತೂತಿನ ಕೆಳಗೂ ಒಂದು ಹೆಸರು, ಮುಟ್ಟಿದ್ರೆ ಬೆರಳಿಗೆ ಸಿಗೋ ಹಾಗೆ. ಆಸ್ಪತ್ರೆ. ಪೊಲೀಸು. ರೈಲ್ವೆ. ಎಲ್ಲದರ ಕೆಳಗೂ ‘ಇಲ್ಲಿ ಚುಚ್ಚಿ’ ಅಂತ ಬರೆದಿದ್ರೆ, ಹೆರಿಗೆ ನೋವಿಗೆ ಫೋನ್ ಮಾಡಿದವಳಿಗೆ ನಾನು ಸ್ಟೇಷನ್ ಮಾಸ್ತರನ್ನ ಕೊಟ್ಟಿರ್ತಿದ್ದೆ.”

“ಆದ್ರೆ ಅತ್ತೆ, ಕಣ್ಣಿದ್ದವರು ಪಕ್ಕದ ಪ್ಯಾರಾ ನೋಡಿ...”

“ದರ್ಜಿಗೆ ಕಣ್ಣಿಲ್ವಾ?” ಎಂದರು ಹೆಂಡತಿ.

ಇನ್‌ಸ್ಪೆಕ್ಟರು ನೀರು ಕುಡಿದು ಎದ್ದರು. ಲೈಸೆನ್ಸಿನ ಹಿತ್ತಾಳೆ ಬಿಲ್ಲೆಯೊಂದನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. ಸಂಖ್ಯೆ ನಾನೂರ ಎಂಬತ್ತೇಳು. “ರಿಜಿಸ್ಟರಿಗೆ ಏರಿದೆ. ವಾಪಸ್ ತಗೊಳ್ಳೋ ಹಾಗಿಲ್ಲ. ನಾಯಿ ಸತ್ತರೆ ನಮೂನೆ ಎಂಟು ತುಂಬಿ ಕೊಡಿ.” ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ ಸೇರಿಸಿದರು: “ಅಂದಹಾಗೆ, ಕೈತೋಟಕ್ಕೆ ನಿನ್ನೆ ಸಂಜೆವರೆಗೆ ಬಂದಿರೋ ಅರ್ಜಿ ಸೊನ್ನೆ. ನಿಮ್ಮ ಅಧೀಕ್ಷಕರು ಕಾರು ನಿಲ್ಲಿಸೋಕೆ ಸುಣ್ಣದ ಗೆರೆ ಹಾಕಿಸ್ತಿದ್ದಾರೆ.”

ಅತ್ತೆ ಮಡಿಲಲ್ಲಿದ್ದ ಬೀಜದ ಪೊಟ್ಟಣವನ್ನು ಒಮ್ಮೆ ಅಲ್ಲಾಡಿಸಿ, ಅದರ ಸದ್ದು ಕೇಳಿ, ಪಕ್ಕಕ್ಕಿಟ್ಟರು. ಬೈದಿದ್ದರೆ ಶುದ್ಧಪ್ರತಿಯವರು ಸಹಿಸಿಕೊಳ್ಳುತ್ತಿದ್ದರು. ಈ ಸದ್ದು ಸಹಿಸಲಾಗಲಿಲ್ಲ.

ಮೊದಲು ಜನನ ನೋಂದಣಿ ವಿಭಾಗಕ್ಕೆ ಓಡಿದರು. ಆಪರೇಟರ್ ಹುಡುಗಿ ಎಲ್ಲವನ್ನೂ ಕೇಳಿ, ಹಣೆ ಮೇಜಿಗೆ ಮುಟ್ಟಿಸಿ, ಭುಜ ಕುಲುಕುವಂತೆ ನಕ್ಕಳು. “ಸಾರ್,” ಎಂದಳು ಕೊನೆಗೆ ತಲೆಯೆತ್ತಿ, “ಆ ನೀಲಿ ಗೆರೆ ತಪ್ಪಿನ ಗುರುತಲ್ಲ. ಬಾಗಿಲಿನ ಗುರುತು.”

ಶುಕ್ರವಾರ ಬೆಳಿಗ್ಗೆ ಪತ್ರವ್ಯವಹಾರ ವಿಭಾಗದ ಮೇಜಿಗೆ ಎರಡು ಕುರ್ಚಿ ಬಿತ್ತು. ಒಂದರಲ್ಲಿ ಶುದ್ಧಪ್ರತಿಯವರು, ಇನ್ನೊಂದರಲ್ಲಿ ತಮ್ಮ ಕಂಪ್ಯೂಟರ್ ಸಮೇತ ಅತ್ತೆ. ಅಳಿಯ ಲಿಂಕಿಗೆ ಹೆಸರು ಬರೆಯುವುದು, ಅತ್ತೆ ಕೇಳಿ ಒಪ್ಪುವುದು. ಮೊದಲನೆಯ ಕರಡು ಸಿದ್ಧವಾಯಿತು. ಯಂತ್ರ ಓದಿತು: “ಲಿಂಕ್, ನಗರಸಭಾ ವ್ಯಾಪ್ತಿಯಲ್ಲಿ ವಾಸಿಸುವ ಹಾಗೂ ಸ್ವಂತ ಹಿತ್ತಿಲು ಹೊಂದಿರದ ನಾಗರಿಕರು ಸದರಿ ಕೈತೋಟ ಯೋಜನೆಯಡಿ ಮಡಿ ಹಂಚಿಕೆ ಕೋರಿ ಅರ್ಜಿ...”

“ನಿಲ್ಲಿಸಿ. ಇಷ್ಟು ಹೇಳೋದ್ರೊಳಗೆ ಕರೆ ಮಾಡಿದವರು ಫೋನ್ ಇಟ್ಟು ಮಲಗಿರ್ತಾರೆ. ಅಲ್ಲಿ ಹೋಗಿ ಜನ ಏನು ಮಾಡ್ಬೇಕು?”

“ಕೈತೋಟಕ್ಕೆ ಅರ್ಜಿ ಹಾಕ್ಬೇಕು.”

“ಈಗ ಬಾಯಲ್ಲಿ ಹೇಳಿದ್ರಲ್ಲ, ಅದನ್ನೇ ಬರೀರಿ.”

ಶುದ್ಧಪ್ರತಿಯವರು ಸಂಕಟಪಟ್ಟರು. ಮೂರು ಪದದ ಸರ್ಕಾರಿ ವಾಕ್ಯ ಅವರು ಆವರೆಗೆ ಬರೆದವರಲ್ಲ. ಕಣ್ಣು ಮುಚ್ಚಿಕೊಂಡು ಬರೆದರು: ‘ಕೈತೋಟಕ್ಕೆ ಅರ್ಜಿ ಹಾಕಿ’. ನೀಲಿ ಮಾಡಿದರು. ಕೆಳಗೆ ಗೆರೆ ಎಳೆಯುವ ಮುನ್ನ ಮಾತ್ರ ಅಧೀಕ್ಷಕರ ಕೋಣೆಯ ಕಡೆಗೊಮ್ಮೆ ನೋಡಿಕೊಂಡರು. ಆಮೇಲೆ ಒಂದೊಂದಾಗಿ ಬಂದವು. ‘ನೀರಿನ ಬಿಲ್ಲು ಕಟ್ಟಿ’. ‘ಮದುವೆಗೆ ಸಭಾಂಗಣ ಕಾಯ್ದಿರಿಸಿ’. ‘ನಾಯಿ ಲೈಸೆನ್ಸ್ ಪಡೆಯಿರಿ’. ಬಲಗಡೆಯ ಕಾಲಂ ಮಾಯವಾಯಿತು, ಪ್ರತಿಯೊಂದೂ ತನ್ನ ಪ್ಯಾರಾದ ತಲೆಗೆ ಹೋಗಿ ಕೂತಿತು. ಆಯುಕ್ತರ ಸಂದೇಶಕ್ಕೂ ಅದರದೇ ಹೆಸರು ಬಂತು. ನಲವತ್ತೆರಡೂ ಮುಗಿದಾಗ ಮೂರೂಕಾಲು.

ಆಗ ಅಧೀಕ್ಷಕರು ಬಂದರು. ಪರದೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. “ಏನ್ರೀ ಇದು! ನಲವತ್ತೆರಡು ತಪ್ಪು?”

ಶುದ್ಧಪ್ರತಿಯವರು ಎದ್ದು ನಿಂತರು. ಬೆವರು ಒರೆಸಿಕೊಂಡರು. “ಅಲ್ಲ ಸಾರ್. ನಲವತ್ತೆರಡು ಬಾಗಿಲು” ಎಂದರು. ಅಧೀಕ್ಷಕರ ಮುಂದೆ ಕರಡಿಲ್ಲದೆ ಅವರು ಆಡಿದ ಮೊದಲ ಮಾತು ಅದು.

ಅಧೀಕ್ಷಕರು ಜೇಬಿನ ನೀಲಿ ಪೆನ್ಸಿಲನ್ನು ಮುಟ್ಟಿ ನೋಡಿಕೊಂಡು, “ಇರ್ಲಿ. ಐದು ಗಂಟೆಗೆ ಇನ್ನು ಒಂದೂಮುಕ್ಕಾಲು ಗಂಟೆ ಇದೆ. ಯಾರು ಬಂದು ಬಾಗಿಲು ತಟ್ತಾರೋ ನೋಡೋಣ” ಎಂದು ಕಾರಿನ ಕೀ ತಿರುಗಿಸುತ್ತ ಹೋದರು.

“ಅಳಿಯಂದ್ರೇ, ಆ ನಾಯಿ ಸಾಹೇಬರನ್ನ ಕರೀರಿ, ಹನ್ನೊಂದು ಅರ್ಜಿಯ ಪಟ್ಟಿ ತರಲಿ” ಎಂದರು ಅತ್ತೆ. “ಫೋನ್ ನನ್ನ ಕೈಗೆ ಕೊಡಿ.”

ಇನ್‌ಸ್ಪೆಕ್ಟರು ನಂಬರ್ ಓದಿದರು, ಅತ್ತೆ ಒತ್ತಿದರು. ಮೂವತ್ತು ವರ್ಷದ ದನಿ ಒಂದು ತುಕ್ಕೂ ಹಿಡಿಯದೆ ಹೊರಬಂತು. “ಹಲೋ, ನಗರಸಭೆಯಿಂದ ಮಾತಾಡ್ತಿದ್ದೀವಿ. ಮೂಲಂಗಿಗೆ ಅರ್ಜಿ ಹಾಕಿದವರು ನೀವೇನಾ? ಅದು ನಾಯಿಗೆ ಹೋಗಿಬಿಟ್ಟಿದೆ... ಇಲ್ಲ, ನಗಬೇಡಿ, ಟೈಮಿಲ್ಲ. ಪುಟ ತೆರೆಯಿರಿ. ನೀಲಿಯಲ್ಲಿ ‘ಕೈತೋಟಕ್ಕೆ ಅರ್ಜಿ ಹಾಕಿ’ ಅಂತಿದೆಯಾ? ಅಷ್ಟೇ. ಒತ್ತಿ.” ಮುಂದಿನದು. ಸೌತೆಕಾಯಿಯವರು ಸ್ನಾನಕ್ಕೆ ಹೋಗಿದ್ದರು, ಹೊರಗೆ ಕರೆಸಲಾಯಿತು. ಕುಂಬಳದವರು ತಮಗೆ ಬಂದ ಬಿಲ್ಲೆ ಚೆನ್ನಾಗಿದೆ, ನಾಯಿಯೇ ಇರಲಿ ಎಂದರು. ಅವರನ್ನು ಒಪ್ಪಿಸಲು ನಾಲ್ಕು ನಿಮಿಷ ಹಿಡಿಯಿತು. ಶುದ್ಧಪ್ರತಿಯವರು ಪರದೆಯ ಮೇಲೆ ಏರುವ ಸಂಖ್ಯೆಯನ್ನು ಕೂಗುತ್ತಿದ್ದರು. “ಐದು! ಏಳು! ಅತ್ತೆ, ಎಂಟು!”

ನಾಲ್ಕು ಐವತ್ತಕ್ಕೆ ಹತ್ತು. ಪಟ್ಟಿ ಮುಗಿದಿತ್ತು.

“ಹನ್ನೊಂದಿರಬೇಕಲ್ಲ? ಇನ್ನೊಂದು ಯಾರದು?” ಎಂದು ಇನ್‌ಸ್ಪೆಕ್ಟರು ಪಟ್ಟಿ ತಿರುವಿ, “ಟೊಮ್ಯಾಟೊ” ಎಂದರು.

ಎಲ್ಲರ ಲೈನ್ ಜೋಡಿಸುವ ಗಡಿಬಿಡಿಯಲ್ಲಿ ಅತ್ತೆ ತಮ್ಮದನ್ನೇ ಮರೆತಿದ್ದರು. ಕೀಲಿಮಣೆಗೆ ಕೈಹಾಕಿದರು. “ಲಿಂಕ್, ಕೈತೋಟಕ್ಕೆ ಅರ್ಜಿ ಹಾಕಿ” ಎಂದಿತು ಯಂತ್ರ, ಎಲ್ಲರಿಗೂ ಕೇಳುವಂತೆ. ನಾಲ್ಕು ಐವತ್ತೈದಕ್ಕೆ ಹನ್ನೊಂದು.

“ಇನ್ನೊಂದು ಬೇಕು!” ಶುದ್ಧಪ್ರತಿಯವರು ಕೋಣೆಯ ಸುತ್ತ ನೋಡಿದರು. ಇನ್‌ಸ್ಪೆಕ್ಟರು ಕೆಮ್ಮಿದರು. ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟರು.

“ನಮ್ಮ ಮನೆಗೂ ಹಿತ್ತಿಲಿಲ್ಲ,” ಎಂದರು ನಾಚಿಕೊಂಡು. “ಸ್ವಲ್ಪ ಸರೀರಿ, ನಾನೇ ಹುಡುಕ್ಕೋತೀನಿ.” ಯಾರನ್ನೂ ಕೇಳದೆ, ಎಣಿಸದೆ, ಒಂದೇ ನೋಟಕ್ಕೆ ಕಂಡುಹಿಡಿದು ಒತ್ತಿದರು. ನಾಲ್ಕು ಐವತ್ತೆಂಟಕ್ಕೆ ಹನ್ನೆರಡು. ದಾಖಲೆಗಾಗಿ ಇದನ್ನೂ ಹೇಳಬೇಕು: ನಾಲ್ಕು ಐವತ್ತೊಂಬತ್ತಕ್ಕೆ ಹದಿಮೂರನೆಯದೂ ಬಂತು. ಮದುವೆಗೆ ತರಕಾರಿ ಬೇಕಿದ್ದ ದರ್ಜಿಯದು.

ಅಧೀಕ್ಷಕರ ಸುಣ್ಣದ ಗೆರೆಗಳು ವ್ಯರ್ಥವಾಗಲಿಲ್ಲ. ಮಡಿಗಳ ಗಡಿಗೆ ಸರಿಯಾಗಿ ಒದಗಿದವು. ಮರದ ನೆರಳಿನ ಮೂಲೆಯಲ್ಲಿ ನೀರಿನ ಡ್ರಮ್ಮು ಬಂತು.

ಮೂರು ತಿಂಗಳು ಕಳೆಯಿತು. ನಿಯಮದಂತೆ ಲೈಸೆನ್ಸ್ ಪಡೆದ ಪ್ರತಿ ನಾಯಿಯನ್ನೂ ತ್ರೈಮಾಸಿಕ ತಪಾಸಣೆಗೆ ಒಳಪಡಿಸಬೇಕು. ಇನ್‌ಸ್ಪೆಕ್ಟರು ತಮ್ಮ ಮಡಿಗೆ ನೀರು ಹಾಕಿ, ಕೈ ಒರೆಸಿಕೊಂಡು, ರಿಜಿಸ್ಟರ್ ಹಿಡಿದು ಪಕ್ಕದ ಮಡಿಗೆ ಬಂದರು. ಅತ್ತೆ ಮಣ್ಣಿನಲ್ಲಿ ಕೂತು ಬೆರಳಿನಿಂದಲೇ ಕಳೆ ಕೀಳುತ್ತಿದ್ದರು. ಸೊಂಟದೆತ್ತರದ ಗಿಡ, ಕೋಲಿಗೆ ಕಟ್ಟಿತ್ತು. ಕೆಂಪಗೆ ತುಂಬಿತ್ತು. ಕೊರಳಿನಂತಿದ್ದ ಕವಲಿನಲ್ಲಿ ನಾನೂರ ಎಂಬತ್ತೇಳನೇ ಬಿಲ್ಲೆ ಗಾಳಿಗೆ ಸಣ್ಣಗೆ ಕಿಣಿಕಿಣಿ ಎನ್ನುತ್ತಿತ್ತು.

“ಷರಾದಲ್ಲಿ ಏನು ಬರೀಲಿ?” ಎಂದು ಕೇಳಿದರು ಇನ್‌ಸ್ಪೆಕ್ಟರು.

ಅತ್ತೆಗೆ ಬಿಂದಿಗೆಯಲ್ಲಿ ನೀರು ತಂದುಕೊಡುತ್ತಿದ್ದ ಶುದ್ಧಪ್ರತಿಯವರು ಬಿಂದಿಗೆ ಕೆಳಗಿಟ್ಟು, ಕರಡಿಲ್ಲದೆ ಹೇಳಿದರು:

“‘ಟೊಮ್ಯಾಟೊ ಚೆನ್ನಾಗಿದೆ. ಕಚ್ಚುವುದಿಲ್ಲ’ ಅಂತ ಬರೀರಿ. ‘ಸದರಿ’ ಮಾತ್ರ ಬೇಡ.”